ಸಲೂನ್ ಅಂದ್ರೆ ಕಟಿಂಗ್ ಅಂಗಡಿನಾ, ಹೆಂಡದಂಗಡಿನಾ?

ಮಂಡಕ್ಕಿ_ಖಾರ, ದಾವಣಗೆರೆ:
ಅಮೆರಿಕದ ಕೌಬಾಯ್ ಕಥೆ ಒಂದನ್ನ ಕನ್ನಡಕ್ಕೆ ತರ್ತಾ ಇದೀನಿ. ‘ಕುದುರೆ ಕಟ್ಟಿ ಸಲೂನಿಗೆ ನುಗ್ಗಿದ, ವಿಸ್ಕಿ ಕೇಳಿದ’ ಅಂತ ಬರೆದ್ರೆ ಪಿ.ಬಿ. ರೋಡಿನಲ್ಲಿ ಯಾರಿಗೆ ಓದಿಸಿದ್ರೂ ನಗ್ತಾರೆ. ಒಂದೇ ಪದಕ್ಕೆ ಈ ಎರಡು ಅರ್ಥ ಹೆಂಗೆ ಬಂದ್ವು? ಅದರ ಜಾಗಕ್ಕೆ ಏನು ಹಾಕ್ಲಿ, ಬಾರ್, ವೈನ್ ಶಾಪ್, ಪಡಖಾನೆ?

ಕಲ್ಲಿನಕೋಟೆ, ಚಿತ್ರದುರ್ಗ:
ಮೂಲದಲ್ಲಿ ಆ ಪದಕ್ಕೆ ಕತ್ತರಿ ನಂಟೂ ಇಲ್ಲ, ಸೀಸೆ ನಂಟೂ ಇಲ್ಲ. ಇಟಾಲಿಯನ್ನಲ್ಲಿ ‘ಸಾಲಾ’ ಅಂದ್ರೆ ಹಜಾರ, ‘ಸಲೋನೆ’ ದೊಡ್ಡ ಹಜಾರ. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಹಡಗಿನಲ್ಲಿ ಪ್ರಯಾಣಿಕರು ಕೂರೋ ಹಜಾರವೂ ಸಲೂನೇ. ನಮ್ಮ ರೈಲ್ವೆಯಲ್ಲಿ ಸಾಹೇಬರು ತಪಾಸಣೆಗೆ ಹೋಗೋ ಬೋಗಿಗೆ ಇವತ್ತಿಗೂ ಅದೇ ಹೆಸರು. 19ನೇ ಶತಮಾನದಲ್ಲಿ ಅಂಗಡಿಗೊಂದು ಘನತೆ ಇರ್ಲಿ ಅಂತ ಎಲ್ಲರೂ ಇದನ್ನ ಬೋರ್ಡಿಗೆ ಏರಿಸಿದ್ರು. ಇಂಗ್ಲೆಂಡಿನಲ್ಲಿ ಕ್ಷೌರದವರೂ ಬಿಲಿಯರ್ಡ್ಸಿನವರೂ ಬರ್ಕೊಂಡ್ರು, ಅಮೆರಿಕದಲ್ಲಿ ಹೆಂಡ ಮಾರೋರು. ನಮಗೆ ಬಂದಿದ್ದು ಬ್ರಿಟಿಷರ ಬೋರ್ಡು.

ಒಂದು ವಿಷಯ ಗಮನಿಸಿ. 1893ರಲ್ಲಿ ಒಹಾಯೋದಲ್ಲಿ ಹೆಂಡದಂಗಡಿಗಳ ವಿರುದ್ಧ ‘ಆಂಟಿ ಸಲೂನ್ ಲೀಗ್’ ಅಂತ ಸಂಘ ಹುಟ್ಟಿ, ಪದದ ಮಾನ ಹೋಯ್ತು. 1920ರಿಂದ 1933ರವರೆಗೆ ಪಾನನಿಷೇಧ. ಅದು ತೆಗೆದ ಮೇಲೂ ಎಷ್ಟೋ ರಾಜ್ಯಗಳಲ್ಲಿ ಅಂಗಡಿ ಬೋರ್ಡಿನ ಮೇಲೆ ‘ಸಲೂನ್’ ಅಂತ ಹಾಕೋ ಹಾಗಿರಲಿಲ್ಲ, ‘ಟ್ಯಾವರ್ನ್’ ‘ಲೌಂಜ್’ ಅಂತ ಮಾಡ್ಕೊಂಡ್ರು. ನಿಮ್ಮ ಕಥೆ ಯಾವ ಕಾಲದ್ದು ನೋಡ್ಕೊಳ್ಳಿ.

ಎರಡನೇ_ಪೆಗ್:
ವೈನ್ ಶಾಪ್ ಅಂತ ಮಾತ್ರ ಹಾಕ್ಬೇಡ್ರಿ. ನಮ್ಮಲ್ಲಿ ವೈನ್ ಶಾಪಿನದು ಸಿಎಲ್-2 ಲೈಸೆನ್ಸು, ಅಲ್ಲಿ ಕೊಂಡು ಹೊರಡ್ಬೇಕು, ಕುಡಿಯಂಗಿಲ್ಲ. ಎಂಎಸ್‌ಐಎಲ್ ಮಳಿಗೇಲೂ ಅಷ್ಟೇ. ಕುಡಿಯೋಕೆ ಜಾಗ ಇರೋದು ಸಿಎಲ್-9 ಇರೋ ಬಾರ್ ಅಂಡ್ ರೆಸ್ಟೋರೆಂಟಲ್ಲಿ. ನಿಮ್ಮ ಕೌಬಾಯ್ ವೈನ್ ಶಾಪಿಗೆ ಹೋದ್ರೆ ಪಾರ್ಸಲ್ ಇಸ್ಕೊಂಡು ವಾಪಸ್ ಕುದುರೆ ಹತ್ಬೇಕು.

‘ಬಾರ್’ ಹಾಕಿದ್ರೆ ಇನ್ನೊಂದು ತೊಡಕು. ಇಂಗ್ಲಿಷಲ್ಲಿ ಬಾರ್ ಅನ್ನೋದು ಮೊದಲು ಆ ಅಡ್ಡ ಹಲಗೆಗೆ, ಅಂದ್ರೆ ಕೌಂಟರಿಗೆ ಇದ್ದ ಹೆಸರು, ಆಮೇಲೆ ಇಡೀ ಅಂಗಡಿಗೆ ಹಬ್ಬಿತು. ಸಲೂನಿನ ಒಳಗೆ ಉದ್ದಕ್ಕೆ ಮರದ ಕೌಂಟರು, ಕೆಳಗೆ ಕಾಲಿಡೋಕೆ ಹಿತ್ತಾಳೆ ಸರಳು, ಜನ ನಿಂತೇ ಕುಡಿಯೋರು. ಮೂಲದಲ್ಲಿ ಇವೆರಡಕ್ಕೂ ಬೇರೆ ಪದ ಇರುತ್ತೆ. ನೀವು ಎರಡಕ್ಕೂ ಬಾರ್ ಅಂದ್ರೆ ‘ಬಾರಿನಲ್ಲಿ ಬಾರಿಗೆ ಒರಗಿ ನಿಂತ’ ಅಂತ ಆಗುತ್ತೆ. ಹಲಗೆಗೆ ಕೌಂಟರ್ ಅಂತಲೇ ಬಿಡಿ.

ಹಳೇ_ನಿಘಂಟು, ಹರಿಹರ:
ನನ್ನ ಓಟು ಪಡಖಾನೆಗೆ. ಇದರ ಖಾನೆ ಪಾರ್ಸಿಯದು, ಮನೆ, ಜಾಗ ಅನ್ನೋ ಅರ್ಥ, ದವಾಖಾನೆ, ಕಾರ್ಖಾನೆ ಇದ್ದ ಹಾಗೆ. ಖಾನಾವಳಿ ಮಾತ್ರ ಈ ಸಾಲಿಗೆ ಸೇರಲ್ಲ, ಅದು ಮರಾಠಿಯ ‘ಖಾಣೆ’ (ಉಣ್ಣೋದು) ಇಂದ ಬಂದದ್ದು.

ಹೆಂಡದಂಗಡಿಗೆ ನಮ್ಮಲ್ಲಿರೋ ಉಳಿದ ಪದಗಳು ಇಲ್ಲಿ ಹೊಂದಲ್ಲ. ಗಡಂಗು ಕರಾವಳಿಯವರ ಮಾತು. ಗೋಡೌನ್ ಇದೆಯಲ್ಲ, ಅದರ ಒಡಹುಟ್ಟು. ಮೂಲ ಮಲಯದ್ದೋ ದ್ರಾವಿಡದ್ದೋ ಅಂತ ಪಂಡಿತರ ಜಗಳ ಇದೆ. ಕಳ್ಳಂಗಡಿ ಅಂದ್ರೆ ಕಳ್ಳು ಮಾರೋ ಅಂಗಡಿ, ಆದ್ರೆ ಈಗಿನ ಹುಡುಗರು ಕಳ್ಳರ ಅಂಗಡಿ ಅಂತ ಓದ್ಕೋತಾರೆ. ಅದೂ ಅಲ್ದೆ ಕಳ್ಳು ಈಚಲು, ತೆಂಗಿನ ರಸ ಹುಳಿಬಂದದ್ದು, ವಿಸ್ಕಿ ಬಟ್ಟಿ ಇಳಿಸಿದ್ದು. ಸಾರಾಯಿ ಅಂಗಡಿ ಅಂದ್ರೆ ಬಟ್ಟಿ ಮಾತು ಸರಿಹೋಗುತ್ತೆ, ಆದ್ರೆ 2007ರ ಜುಲೈಯಲ್ಲಿ ಸಾರಾಯಿ ನಿಂತ ಮೇಲೆ ಬೆಳೆದವರು ಆ ಅಂಗಡಿಯನ್ನೇ ನೋಡಿಲ್ಲ.

ಮಂಡಕ್ಕಿ_ಖಾರ:
ಪಡಖಾನೆ ಸರಿ. ಆದ್ರೆ ಕಥೇಲಿ ಬಾಗಿಲ ಮೇಲಿನ ಬೋರ್ಡು ಓದೋ ಸಾಲು ಬರುತ್ತಲ್ಲ?

ಹಳೇ_ನಿಘಂಟು, ಹರಿಹರ:
ಬೋರ್ಡಿನ ಮೇಲೆ ‘ಸಲೂನ್’ ಅಂತಲೇ ಇರ್ಲಿ. ಮುಂದಿನ ವಾಕ್ಯದಲ್ಲೇ ಅವನನ್ನ ಪಡಖಾನೆ ಒಳಕ್ಕೆ ಕಳಿಸಿ, ಅಡಿಟಿಪ್ಪಣಿ ಬೇಕಾಗಲ್ಲ.