ಟೋಕಿಯೊದಲ್ಲಿ ಕೈಗೆಟುಕೋ ಒಮಕಾಸೆ: ಸಹಾಯ ಬೇಕು

ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಟೋಕಿಯೊಗೆ ಹೋಗ್ತಿದ್ದೀವಿ. ಮೆನು ನೋಡದೆ ಎಲ್ಲಾ ಬಾಣಸಿಗನಿಗೇ ಬಿಟ್ಟು ತಿನ್ನೋ ಒಮಕಾಸೆ ಸುಶಿ (ಅನ್ನದ ಮೇಲೆ ಹೆಚ್ಚಾಗಿ ಹಸಿ ಮೀನಿಟ್ಟು ಕೊಡೋ ತಿನಿಸು) ನನ್ನ ಬಹಳ ದಿನದ ಆಸೆ. ಅಲ್ಲಿನ ದುಬಾರಿ ಬಡಾವಣೆ ಗಿಂಜಾದ ರಾತ್ರಿ ಊಟದ ರೇಟು ನೋಡಿ ತಲೆ ತಿರುಗಿತು. ಮಧ್ಯಾಹ್ನ ಅಗ್ಗ, ನಿಂತು ತಿನ್ನೋ ಅಂಗಡಿ ಇನ್ನೂ ಅಗ್ಗವಂತೆ. ತಲೆಗೆ 5,000 ಯೆನ್ ಒಳಗೆ ಮೀನು ಮಾರುಕಟ್ಟೆಗೆ ಹೆಸರಾದ ತ್ಸುಕಿಜಿ, ತೊಯೊಸು ಕಡೆ ಯಾರಾದ್ರೂ ತಿಂದಿದ್ದೀರಾ? ನಮಗೆ ಬಿಡುವಿರೋದು ಭಾನುವಾರ, ತೊಯೊಸು ಮಾರುಕಟ್ಟೆಗೂ ಅವತ್ತೇ ರಜೆ!

ಇನ್ನೊಂದು ಪೇಚು. ಇವಳಿಗೆ ಬಂಗುಡೆ ಫ್ರೈ ಅಂದ್ರೆ ಪ್ರಾಣ, ಹಸಿ ಮೀನು ಅಂದ್ರೆ ಮುಖ ಕಿವುಚ್ತಾಳೆ. ಬುಕ್ ಮಾಡುವಾಗಲೇ ಹೇಳಿದ್ರೆ ಸೌತೆಕಾಯಿಯ ಕಪ್ಪಾ ಮಾಕಿ, ಮೊಟ್ಟೆಯ ತಮಾಗೊ ಕೊಟ್ಟು ಸುಧಾರಿಸ್ತಾರಾ? ಎಂಟು ಸೀಟಿನ ಕೌಂಟರ್‌ನಲ್ಲಿ ಮುಜುಗರ ಆಗಬಾರದು ನೋಡಿ. ಸುಶಿಗೆ ಹಚ್ಚೋ ಖಾರದ ಹಸಿರು ಪೇಸ್ಟ್ ವಸಾಬಿ ಬೇಡ ಅನ್ನೋಕೆ 'ಸಾಬಿ ನುಕಿ', ಅದೊಂದು ಕಲಿತಿದ್ದೀನಿ.