ಸಮಸ್ಯೆ: ಮಗನಿಂ ಮೊದಲಾದುದಲ್ತೆ ತಂದೆಯ ವಂಶಂ

ಕಂದಪ್ರಿಯ: ಈ ವಾರದ ಸಾಲು ಮೇಲಿದೆ. ಅದು ಕೊನೆಯ ಪಾದವಾಗುವಂತೆ ಮೊದಲ ಮೂರು ಪಾದ ಕಟ್ಟಿ ಕಂದಪದ್ಯವನ್ನು ಪೂರೈಸಿ. ವಸ್ತು ಸ್ಥಾಪಕರು, ಮೂಲಪುರುಷರು. ಪುರಾಣವೂ ಆದೀತು, ಇತಿಹಾಸವೂ ಆದೀತು. ವಿಜಯನಗರದ ಸಂಗಮ ವಂಶ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ‘ಸಂಗಮ’ನನ್ನು ಪಾದದ ತಲೆಗಿಡಲು ಹೋಗಬೇಡಿ. ಇಲ್ಲಿರುವುದು ಸಿಂಹಪ್ರಾಸ (ಪಾದದ ಎರಡನೆಯ ಅಕ್ಷರವಾದ ಪ್ರಾಸದ ಹಿಂದೆ ಹ್ರಸ್ವ), ಅದು ವೃಷಭ (ಹಿಂದೆ ಅನುಸ್ವಾರ).

ತುಂಗೆಯ ತಡಿ:
ಜಗದೊಳ್ ಹರಿಹರಬುಕ್ಕರ್
ನಗರಮನೊಂದಂ ನಿಮಿರ್ಚಿ ತುಂಗಾತಟದೊಳ್
ಮಿಗೆ ಪಿತೃನಾಮಮನಿತ್ತರ್
ಮಗನಿಂ ಮೊದಲಾದುದಲ್ತೆ ತಂದೆಯ ವಂಶಂ

ಗುರುಲಘು: ಮೂರು ಆಕ್ಷೇಪ. ಹರಿಹರ, ಬುಕ್ಕ ಇಬ್ಬರು. ಸಮಸ್ಯೆಯಲ್ಲಿ ‘ಮಗನಿಂ’, ಏಕವಚನ. ಎರಡನೆಯದು, ಹಂಪೆ ಇರುವುದು ತುಂಗಭದ್ರೆಯ ದಡದಲ್ಲಿ. ತುಂಗೆ ಕೂಡಲಿಯಲ್ಲೇ ಭದ್ರೆಯನ್ನು ಸೇರಿ ಮುಗಿಯಿತು. ಹೆಸರಲ್ಲಿ ತುಂಗೆಯನ್ನು ಹೊತ್ತವರಿಗೆ ಇದು ತಪ್ಪಬಾರದಿತ್ತು. ಮೂರನೆಯದು, ‘ಮಿಗೆ ಪಿತೃ’. ಓದುವಾಗ ‘ಪಿತ್ರು’ ಎಂದೇ ಆಗುತ್ತದೆ, ಪಿ ಗುರು (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು), ನಾಲ್ಕೇ ಇರಬೇಕಾದ ಗಣಕ್ಕೆ ಐದು ಮಾತ್ರೆ.

ತುಂಗೆಯ ತಡಿ: ಮೊದಲೆರಡಕ್ಕೆ ತಿದ್ದುಪಡಿ (ಪಂಪಾ ಎಂದರೆ ತುಂಗಭದ್ರೆಯೇ):
ಜಗಮಱಿಯೆ ಹರಿಹರನೃಪಂ
ನಗರಮನೊಂದಂ ನಿಮಿರ್ಚಿ ಪಂಪಾತಟದೊಳ್
ಮಿಗೆ ಪಿತೃನಾಮಮನಿತ್ತಂ
ಮೂರನೆಯದನ್ನು ಒಪ್ಪುವುದಿಲ್ಲ. ಋ ಸ್ವರ. ತಕಾರದ ಕೆಳಗಿರುವುದು ಒತ್ತಕ್ಷರವಲ್ಲ, ಸ್ವರಚಿಹ್ನೆ. ನಿಮ್ಮ ಲೆಕ್ಕ ಹಿಡಿದರೆ ‘ಅಮೃತ’ದ ಅಕಾರವೂ ಗುರುವಾಗಬೇಕು.

ಗುರುಲಘು: ಕಿವಿಗೆ ಒತ್ತು ಕೇಳುತ್ತದಲ್ಲ. ಗಮಕಿಯೊಬ್ಬರಿಂದ ಓದಿಸಿ ನೋಡಿ.

ಹಳೆಪೈರು: ಓದುವವರ ನಾಲಿಗೆ ಜಾರಿದರೆ ಛಂದಸ್ಸು ಬದಲಾಗುವುದಿಲ್ಲ. ‘ಕರ್ತೃ’ ಎಂದಾಗ ಕಕಾರ ಗುರುವಾಗುವುದು ರೇಫೆಯಿಂದ, ಋಕಾರದಿಂದಲ್ಲ. ‘ಪಿತೃ’ವಿನಲ್ಲಿ ಆ ರೇಫೆ ಎಲ್ಲಿದೆ? ಈ ಜಗಳ ಹೋದ ವರ್ಷವೂ ಇದೇ ಇಬ್ಬರ ನಡುವೆ ಆಗಿತ್ತು, ‘ಮಾತೃ’ವಿನ ಮೇಲೆ. ಅಲ್ಲಿ ಮಾ ಹೇಗೂ ದೀರ್ಘ, ಜಗಳವೇ ಬೇಕಿರಲಿಲ್ಲ.

ಮಾತ್ರಾಲೋಲ:
ಬಗೆವೊಡೆ ದಿಲೀಪನಿರ್ದುಂ
ಸೊಗಸಿಂ ರಘುವಂಶಮೆಂದೆ ಪೆಸರಂ ಪಡೆಗುಂ
ಜಗದೊಳ್ ಬಲ್ಲವರಱಿವರ್
ಮಗನಿಂ ಮೊದಲಾದುದಲ್ತೆ ತಂದೆಯ ವಂಶಂ

ಕಂದಪ್ರಿಯ: ಸೊಗಸು. ರಘುವನ್ನು ಪಾದದೊಳಗೆ ಇಟ್ಟು ಘಕಾರವನ್ನು ಪ್ರಾಸದಿಂದ ದೂರವಿಟ್ಟದ್ದು ಜಾಣತನ.

ಹೊಸಬ: ನಾನು ‘ಭಗೀರಥಂ’ ಎಂದು ಶುರುಮಾಡಿದೆ, ಗತಿ ಕುಂಟುತ್ತಿದೆ. ಮೂರನೇ ಪಾದ ‘ಮಿಗೆ ಪುರಸ್ಥಾಪಕನಾದಂ’.

ಹಳೆಪೈರು: ಒಂದನೆಯ ಪಾದದ ತಲೆಯಲ್ಲಿ ‘ಭಗೀರ’ ಜಗಣ (ಲಘು-ಗುರು-ಲಘು), ಕಂದದ ಬೆಸ ಸಂಖ್ಯೆಯ ಗಣಗಳಲ್ಲಿ ಅದು ಸಲ್ಲದು. ಅವನನ್ನು ಎರಡನೆಯ ಪಾದದ ತಲೆಗೆ ಇಳಿಸಿ, ಅದು ನಾಲ್ಕನೆಯ ಗಣ, ಅಲ್ಲಿ ಸಲ್ಲುತ್ತಾನೆ. ‘ಪುರಸ್ಥಾಪಕ’ದಲ್ಲಿ ರಕಾರ ಗುರು, ಪಾದಕ್ಕೆ ಹನ್ನೆರಡರ ಬದಲು ಹದಿಮೂರು ಮಾತ್ರೆ. ‘ನಗರಸ್ಥಾಪಕನಾದಂ’ ಎನ್ನಿ: ಅದೇ ಗುರು ಈಗ ಮೊದಲ ಗಣವನ್ನು ತುಂಬುತ್ತದೆ, ಪ್ರಾಸವೂ ಉಳಿಯುತ್ತದೆ, ‘ಮಿಗೆ’ ಎಂಬ ತುರುಕೂ ಹೋಗುತ್ತದೆ.

ಗುರುಲಘು: ಒತ್ತಕ್ಷರ ಬೇರೆ ಪದದ ಮೊದಲಲ್ಲಿ ಬಂದರೆ ಹಿಂದಿನದು ಲಘುವಾಗಿ ಉಳಿಯುವುದೂ ಉಂಟು. ಹೊಸಬರನ್ನು ಹೆದರಿಸಬೇಡಿ.

ಹಳೆಪೈರು: ಬೇರೆ ಪದವಾದರೆ. ಇದು ಸಮಾಸ. ಈ ವಸ್ತುವಿನ ಮಾತುಗಳಲ್ಲೇ ಆ ತೊಡಕಿದೆ. ಸ್ಥಾಪಕ, ಪ್ರವರ್ತಕ, ಪ್ರಣೇತೃ, ಸ್ರಷ್ಟೃ, ಎಲ್ಲವೂ ಒತ್ತಿನಿಂದ ಶುರು. ಸಮಾಸದ ಕೊನೆಗೆ ಬಂದರೆ ಹಿಂದಿನ ಅಕ್ಷರವನ್ನು ಭಾರಮಾಡುತ್ತವೆ. ‘ಪಿತಾಮಹ’ಕ್ಕೆ ಒತ್ತಿಲ್ಲ, ಆದರೆ ‘ಪಿತಾಮ’ ಜಗಣ. ಆರನೆಯ ಗಣಕ್ಕೆ ಹೇಳಿಮಾಡಿಸಿದ್ದು. ‘ಸಂಸ್ಥಾಪಕ’ ಆರು ಮಾತ್ರೆ, ಎರಡು ಗಣಕ್ಕೆ ಹರಿದುಹೋಗುತ್ತದೆ. ಯಾವ ಕಾಟವೂ ಇಲ್ಲದ್ದು ‘ಮೊದಲಿಗ’: ನಾಲ್ಕು ಲಘು, ಅಚ್ಚಗನ್ನಡ. ಯಾರೂ ಅದನ್ನು ಮುಟ್ಟುತ್ತಿಲ್ಲ.

ಮಾತ್ರಾಲೋಲ: ‘ಹರಿಕಾರ’?

ಹಳೆಪೈರು: ಹಳಗನ್ನಡ ಕಂದದಲ್ಲಿ ಬೇಡ. ಫಾರಸಿಯ ಹರ್‌ಕಾರಾ, ಸುದ್ದಿ ಒಯ್ಯುವ ಓಲೆಕಾರ. ಇಂದಿನ ಗದ್ಯದಲ್ಲಿ ಹೊಸ ದಾರಿ ತೆರೆದವನೆಂಬ ಅರ್ಥಕ್ಕೆ ನಿಂತಿದೆ, ಅಲ್ಲಿ ಚೆನ್ನ. ರಾಘವಾಂಕನನ್ನು ಷಟ್ಪದಿಯ ಹರಿಕಾರ ಅನ್ನಿ, ಜನಕ ಅನ್ನಬೇಡಿ. ಅವನಿಗೆ ಎರಡು ಶತಮಾನ ಹಿಂದೆಯೇ ನಾಗವರ್ಮನ ಛಂದೋಂಬುಧಿ ಅಂಶಗಣದ ಷಟ್ಪದಿಗೆ ಲಕ್ಷಣ ಹೇಳಿದೆ. ರಾಘವಾಂಕ ಮಾಡಿದ್ದು ವಾರ್ಧಕ ಷಟ್ಪದಿಯಲ್ಲಿ ಇಡೀ ಹರಿಶ್ಚಂದ್ರ ಕಾವ್ಯವನ್ನು ನಡೆಸಿ ತೋರಿಸಿದ್ದು. ಅದು ಪ್ರವರ್ತಕನ ಕೆಲಸ.

ಕೋಟೆಗಲ್ಲು:
ಜಗತೀಪತಿ ಪುಲಕೇಶಿಯೆ
ಬಗೆಯುತೆ ವಾತಾಪಿಕೋಟೆಯಂ ಕಟ್ಟಿಸಿದಂ
ಸೊಗಯಿಸೆ ರಣರಾಗಸುತಂ
ಮಗನಿಂ ಮೊದಲಾದುದಲ್ತೆ ತಂದೆಯ ವಂಶಂ

ಗುರುಲಘು: ‘ವಾತಾಪಿಕೋಟೆ’ ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳ ಸಲ್ಲದ ಬೆರಕೆ). ಅಲ್ಲದೆ ಐಹೊಳೆ ಶಾಸನದ ಚಾಲುಕ್ಯ ವಂಶಾವಳಿಯಲ್ಲಿ ರಣರಾಗನಿಗೂ ಮೊದಲು ಜಯಸಿಂಹನಿದ್ದಾನೆ. ವಂಶ ಮಗನಿಂದ ಶುರುವಾಗಿದ್ದು ಹೇಗೆ?

ಕೋಟೆಗಲ್ಲು: ಜಯಸಿಂಹ ಮೂಲಪುರುಷ, ರಾಜ್ಯಸ್ಥಾಪಕ ಒಂದನೆಯ ಪುಲಕೇಶಿ. ಬಾದಾಮಿಯ ಬಂಡೆಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಕೋಟೆ ಕಟ್ಟಿಸಿದ್ದನ್ನೂ ಅಶ್ವಮೇಧವನ್ನೂ ಅದೇ ಹೇಳುತ್ತದೆ. ಸಂಗಮ ವಂಶದಲ್ಲೂ ಇದೇ ಭೇದ: ಸಂಗಮ ಮೂಲಪುರುಷ, ಹರಿಹರ ಸ್ಥಾಪಕ. ಈ ಎರಡು ಮಾತನ್ನು ಒಂದೇ ಎಂದುಕೊಂಡರೆ ಈ ಸಮಸ್ಯೆ ಬಿಡಿಸಲಾಗುವುದಿಲ್ಲ. ಎರಡನೆಯ ಪಾದ ಹೀಗಿರಲಿ:
ಬಗೆಗೊಳೆ ವಾತಾಪಿದುರ್ಗಮಂ ನಿರ್ಮಿಸಿದಂ

ಗುರುಲಘು: ಈಗ ಸರಿ. ‘ಬಗೆಯುತೆ’ಗಿಂತ ‘ಬಗೆಗೊಳೆ’ಯೂ ಮೇಲು.

ತುಂಗೆಯ ತಡಿ: ಪಿತೃವಿನ ಪಿ ಲಘುವೆಂದು ಗುರುಲಘು ಅವರು ಇನ್ನೂ ಹೇಳಿಲ್ಲ.

ಕಂದಪ್ರಿಯ: ಲಘುವೇ, ಅದು ಅಲ್ಲಿಗೆ ಬಿಡಿ. ಈ ವಾರ ಕೋಟೆಗಲ್ಲು ಅವರದು. ಮುಂದಿನ ಸಾಲು ಅವರೇ ಕೊಡಲಿ.

ಕೋಟೆಗಲ್ಲು: ಕಟ್ಟಿದವಂ ಕಾಣನಲ್ತೆ ಕಟ್ಟಿದ ಪುರಮಂ
ಪ್ರಾಸಕ್ಕೆ ಪಟ್ಟ, ಬೆಟ್ಟ, ತೊಟ್ಟಿಲನ್ನು ಎಲ್ಲರೂ ಹಿಡಿಯುತ್ತಾರೆ. ಬೇರೆ ಹುಡುಕಿ.