ಕೈಯಲ್ಲಿ ನೂತ ನೂಲು 100 ಗ್ರಾಂ ಇದೆ, ಲೇಸ್ ಶಾಲಿಗೆ ಸಾಕಾಗುತ್ತಾ?

ತಕಲಿಕೈ:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳು ತಕಲಿ ತಿರುಗಿಸಿ ಉಣ್ಣೆ ನೂತಿದ್ದೇನೆ. ಎರಡೆಳೆ ಸೇರಿಸಿ ಹುರಿ ಹಾಕಿದಾಗ ಎರಡು ಲಡಿ ಆಯಿತು. ಮೊದಲನೆಯದು 48 ಗ್ರಾಂ, 165 ಮೀಟರ್. ಎರಡನೆಯದು 52 ಗ್ರಾಂ, 215 ಮೀಟರ್. ಕೈ ಪಳಗಿದ ಹಾಗೆ ನೂಲು ಸಣ್ಣಗಾಗಿದೆ, ಅದಕ್ಕೇ ಈ ವ್ಯತ್ಯಾಸ.

ಇದರಲ್ಲಿ ತ್ರಿಕೋನ ಶಾಲು ಹೆಣೆಯುವ ಆಸೆ. ಕತ್ತಿನ ನಡುವಿನಿಂದ ಶುರು, ಎರಡು ಸಾಲಿಗೊಮ್ಮೆ 4 ಕುಣಿಕೆ ಹೆಚ್ಚುತ್ತದೆ. ಎಲೆಯ ಚಿತ್ರವನ್ನು ಚೌಕಳಿ ಹಾಳೆಯಲ್ಲಿ ನಾನೇ ಬರೆದೆ: 12 ಕುಣಿಕೆ ಅಗಲ, 8 ಸಾಲು ಎತ್ತರ. ಆದರೆ ಅಂಚಿನಲ್ಲಿ ಎಲೆಗಳು ಅರ್ಧರ್ಧ ತುಂಡಾಗುತ್ತಿವೆ. ಚಿಕ್ಕ ತುಣುಕು ಹೆಣೆದು ನೋಡಿದರೆ ಎಲೆಯೇ ಕಾಣದೆ ಮುದುಡಿಕೊಂಡಿದೆ. ಎಲ್ಲಕ್ಕಿಂತ ಜಾಸ್ತಿ ಭಯ ನೂಲು ಮುಗಿದುಹೋಗುವುದು. ಆ ಉಣ್ಣೆ ಇನ್ನು ಒಂದು ಹಿಡಿಯೂ ಇಲ್ಲ.

ಸೂಜಿಮಲ್ಲಿ:
ಆ ತುಣುಕನ್ನು ಒಗೆದಿರಾ? ಒಗೆಯದ ಲೇಸ್ ಎಲ್ಲವೂ ಹಾಗೇ ಮುದುಡಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಬಿಡಿ. ಉಜ್ಜಬೇಡಿ, ಉಣ್ಣೆ ಗಂಟುಕಟ್ಟುತ್ತದೆ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಎಳೆದು ಪಿನ್ ಚುಚ್ಚಿ ಒಣಗಿಸಿ. ಆಮೇಲೆ ತೀರ್ಮಾನ ಮಾಡಿ.

ಹಳೇಕಡ್ಡಿ:
ನಾಲ್ಕು ತಿಂಗಳ ನೂಲು ಅಂದರೆ ಸುಮ್ನೆ ಅಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಎಲೆ. ಶಾಲಿನ ನಡುಗೆರೆಯ ಒಂದೊಂದು ಪಕ್ಕದಲ್ಲಿ ಎರಡು ಸಾಲಿಗೆ ಎರಡೇ ಕುಣಿಕೆ ಹೆಚ್ಚುತ್ತದೆ, ಅಲ್ವಾ? 8 ಸಾಲು ಹೆಣೆದರೆ 8 ಕುಣಿಕೆ. ನಿಮ್ಮ ಎಲೆ 12 ಕೇಳುತ್ತದೆ. ಅದಕ್ಕೇ ತುಂಡಾಗುವುದು. ಎಲೆಯನ್ನು 8 ಕುಣಿಕೆ, 8 ಸಾಲಿಗೆ ಇಳಿಸಿ. ಆಗ 8 ಸಾಲಿನ ಪ್ರತಿ ಪಟ್ಟೆ ಮುಗಿದಾಗ ಪಕ್ಕಕ್ಕೊಂದು ಪೂರ್ತಿ ಎಲೆ ಸೇರಿಕೊಳ್ಳುತ್ತದೆ. ಚಿತ್ರದಲ್ಲಿ ನೂಲು ಸುತ್ತಿ ಮಾಡುವ ಒಂದೊಂದು ತೂತಿಗೂ ಎರಡು ಕುಣಿಕೆ ಸೇರಿಸಿ ಹೆಣೆಯುವುದು ಒಂದು ಇರಬೇಕು. ಅದನ್ನು ಎಣಿಸಿಯೇ ಕಡ್ಡಿ ಹಿಡಿಯಿರಿ.

ಇನ್ನೊಂದು ಮಾತು. ಸ್ಕಾಟ್‌ಲ್ಯಾಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಉಂಗುರದೊಳಗೆ ತೂರಿಸಬಹುದಾದ ಶಾಲು ಹೆಣೆಯುತ್ತಾರೆ. ಅಷ್ಟು ಸಣ್ಣ ನೂಲಿಗೆ ಒತ್ತೊತ್ತಾದ ತೂತುಗಳು ಚೆಂದ. ನಮ್ಮ ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ತೂತುಗಳ ನಡುವೆ ಜಾಗ ಬಿಡಿ, ಹಿಂಬದಿಯ ಸಾಲನ್ನು ಸಾದಾ ಹೆಣೆಯಿರಿ. 4.5 ಮಿ.ಮೀ. ಕಡ್ಡಿ ಹಿಡಿಯಿರಿ.

ಈಗ ಭಯದ ವಿಷಯ. ನಿಮ್ಮ ನೂಲಿಗೆ ಸುಮಾರು 140 ಸಾಲು ಬರಬಹುದು: ಎಲೆಯ 16 ಪಟ್ಟೆ, ಕೊನೆಗೆ 12 ಸಾಲಿನ ಅಂಚು. ತ್ರಿಕೋನದಲ್ಲಿ ಆಳ ಅರ್ಧ ಆದಾಗ ಖರ್ಚಾಗುವುದು ಕಾಲು ಭಾಗ ನೂಲು ಮಾತ್ರ. ಅರ್ಧ ನೂಲು ಮುಗಿಯುವುದು 99ನೇ ಸಾಲಿನ ಹತ್ತಿರ. ಅಲ್ಲಿಂದ ಸಾಲುಗಳು ನೂಲನ್ನು ನುಂಗುತ್ತವೆ. ಆ 12 ಸಾಲಿನ ಅಂಚಿಗೇ ಆರನೇ ಒಂದು ಪಾಲು ಬೇಕು. ಕೊನೆಯ ಕುಣಿಕೆಗಳನ್ನು ಸಡಿಲವಾಗಿ ಮುಚ್ಚಲಿಕ್ಕೆ ಮತ್ತೆ ಎರಡು ಮೂರು ಗ್ರಾಂ. ಒಂದು ಗ್ರಾಂ ತೋರಿಸುವ ತಕ್ಕಡಿ ಪಕ್ಕದಲ್ಲಿರಲಿ. ಪಟ್ಟೆಗೊಮ್ಮೆ ತೂಗಿ. 25 ಗ್ರಾಂ ಉಳಿದಿರುವಾಗ ಎಷ್ಟನೇ ಪಟ್ಟೆಯಲ್ಲಿದ್ದರೂ ಸರಿ, ಅದನ್ನು ಮುಗಿಸದೆ ಅಂಚಿಗೆ ಹೋಗುವ ದಾರಿ ನೋಡಿ. ಒಂದು ಎಲೆ ಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ. ಅಂಚು ಅರ್ಧಕ್ಕೆ ನಿಂತರೆ ಹೆಣೆದದ್ದನ್ನು ಬಿಚ್ಚಬೇಕು.

ಬಿಚ್ಚುವ ಮಾತು ಬಂತಲ್ಲ. ಪ್ರತಿ ಪಟ್ಟೆ ಮುಗಿದಾಗ ಕುಣಿಕೆಗಳೊಳಗೆ ನುಣುಪಾದ ಹತ್ತಿ ದಾರ ಪೋಣಿಸಿ. ತಪ್ಪಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರಾಯಿತು. ಕೈನೂಲನ್ನು ಎರಡು ಮೂರು ಸಲ ಬಿಚ್ಚಿದರೆ ನಾರು ಎದ್ದು ಹುರಿ ಸಡಿಲವಾಗುತ್ತದೆ. ನನ್ನ ಮೊದಲ ಶಾಲಿನ ನಡುಭಾಗ ಹಾಗೇ ಹಾಳಾಯಿತು. ಆ ನೋವು ಈಗಲೂ ಇದೆ.

ತಕಲಿಕೈ:
ಅಕ್ಕ, ತುಂಬಾ ಥ್ಯಾಂಕ್ಸ್. ತುಣುಕು ಒಗೆದೆ. 14 ಸೆಂ.ಮೀ. ಇದ್ದದ್ದು 18 ಆಯಿತು. ಎಲೆ ಕಂಡಾಗ ಕಣ್ಣು ತುಂಬಿ ಬಂತು. ಯಾವ ಲಡಿ ಮೊದಲು ಹಿಡಿಯಲಿ?

ಹಳೇಕಡ್ಡಿ:
ಸಣ್ಣ ನೂಲಿನದ್ದು. ಕತ್ತಿನ ಹತ್ತಿರ ಮೆತ್ತಗಿರುತ್ತದೆ, ಕೆಳಗೆ ದಪ್ಪ ನೂಲಿನ ಭಾರಕ್ಕೆ ಶಾಲು ಚೆನ್ನಾಗಿ ಇಳಿಬೀಳುತ್ತದೆ. ಸುಮಾರು 90ನೇ ಸಾಲಿನಿಂದ ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ ಹೆಣೆಯಿರಿ. ಬದಲಾದ ಜಾಗ ಗೆರೆಯಾಗಿ ಕಾಣಲ್ಲ.

ತಕಲಿಕೈ:
72ನೇ ಸಾಲು ಮುಗಿಯಿತು, ಒಂಬತ್ತು ಪಟ್ಟೆ. ಈಗಷ್ಟೇ ತೂಗಿದೆ. 52 ಗ್ರಾಂ ಲಡಿಯಲ್ಲಿ ಇನ್ನೂ 27 ಗ್ರಾಂ ಇದೆ. ಹತ್ತಿ ದಾರ ಪೋಣಿಸಿ ಇಟ್ಟಿದ್ದೇನೆ.